ಷೇರುಪೇಟೆ, ಮಧ್ಯವರ್ತಿ ಮತ್ತು ವಿಶ್ವಾಸ

(ಪುಣೆಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ಷೇರುಪೇಟೆಯೆಂದೊಡನೆ ನಮ್ಮ ಕಣ್ಮುಂದೆ ಬರುವುದು ಏರಿಳಿಯುವ ಅಂಕಿಗಳು. ಆ ಅಂಕಿಗಳ ಹಿಂದೆ ಉಳಿತಾಯ ಮಾಡುವವರು, ಬಂಡವಾಳ ಕೋರುವವರು ಮತ್ತು ಇವರಿಬ್ಬರ ನಡುವಿನ ಮಧ್ಯವರ್ತಿಗಳು ಇದ್ದಾರೆ. ದುಡಿದ ಹಣವನ್ನು ಅಪರಿಚಿತರಿಗೆ ಒಪ್ಪಿಸುವವರಿಗೆ ವಿಶ್ವಾಸವೇ ಆಧಾರ. ಆದುದರಿಂದ ಷೇರುಪೇಟೆಯು ಆರ್ಥಿಕ ವ್ಯವಸ್ಥೆಯಾಗಿರುವಂತೆಯೇ ಸಾಮಾಜಿಕ ಸಂಸ್ಥೆಯೂ ಆಗಿದೆ. ಈ ವಿಶ್ವಾಸದ ನೆಲೆ ಹೇಗೆ ಬದಲಾಯಿತೆಂಬುದಕ್ಕೆ ಪುಣೆ ನಗರವೇ ಒಂದು ನಿದರ್ಶನ.

1875ರಲ್ಲಿ ಮುಂಬಯಿಯ ದಲ್ಲಾಳಿಗಳು ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಅಂದಿನ ವ್ಯವಹಾರದಲ್ಲಿ ಆಡಿದ ಮಾತೇ ಒಪ್ಪಂದ, ಮನೆತನದ ಹೆಸರೇ ಜಾಮೀನು. 1982ರಲ್ಲಿ ಪುಣೆ ಷೇರು ವಿನಿಮಯ ಕೇಂದ್ರವು ಆರಂಭವಾದಾಗಲೂ ಊರಿನ ಗ್ರಾಹಕರು ಊರಿನ ದಲ್ಲಾಳಿಯ ಬಳಿಗೇ ಹೋಗುವುದು ರೂಢಿಯಾಗಿತ್ತು. ಪರಿಚಯವು ವಂಚನೆಗೆ ಒಂದು ತಡೆಯಾಗಿತ್ತು. ಆದರೆ ಅದಕ್ಕೆ ಇನ್ನೊಂದು ಮುಖವೂ ಇತ್ತು. ಸುದ್ದಿಯು ವರ್ತುಲದ ಒಳಗಿನವರಿಗೆ ಮೊದಲು ತಿಳಿಯುತ್ತಿತ್ತು. ಹೊರಗಿನವರಿಗೆ ತಡವಾಗಿ ತಲುಪುತ್ತಿತ್ತು.

ಬೆಲೆಯು ಕೇವಲ ಲೆಕ್ಕಾಚಾರದಿಂದ ನಿರ್ಧಾರವಾಗುವುದಿಲ್ಲ. 1981ರಲ್ಲಿ ಇದೇ ಪುಣೆಯಲ್ಲಿ ಜನಿಸಿ, 1983ರಲ್ಲಿ ಬೆಂಗಳೂರಿಗೆ ಹೋದ ಇನ್ಫೋಸಿಸ್ ಸಂಸ್ಥೆಯು 1993ರಲ್ಲಿ 95 ರೂಪಾಯಿಗೆ ಒಂದರಂತೆ ಷೇರುಗಳನ್ನು ಸಾರ್ವಜನಿಕರ ಮುಂದಿಟ್ಟಾಗ ಬೇಡಿಕೆಯು ಸಾಲದಾಯಿತು. ದೊಡ್ಡ ಯಂತ್ರಗಳಾಗಲಿ ಕಾರ್ಖಾನೆಯಾಗಲಿ ಇಲ್ಲದ ಉದ್ಯಮವನ್ನು ಅಳೆಯುವ ಮಾನದಂಡ ಅಂದಿನ ಪೇಟೆಗೆ ಇನ್ನೂ ರೂಢಿಯಾಗಿರಲಿಲ್ಲ. ಅದರ ಹಿಂದಿನ ವರ್ಷವಷ್ಟೇ, 1992ರ ಷೇರು ಹಗರಣದಲ್ಲಿ, ಬ್ಯಾಂಕುಗಳ ಹಣ ದಲ್ಲಾಳಿಗಳ ಮೂಲಕ ಪೇಟೆಗೆ ಹರಿದು, ಬೆಲೆಗಳು ಆಧಾರವಿಲ್ಲದೆ ಏರಿ ಕುಸಿದಿದ್ದವು. ನೆರೆಯವರು ಕೊಂಡರೆಂದು ಕೊಂಡವರು ಬಹಳ ಮಂದಿ. ಪರಿಣತರಾಗಲಿ ಸಾಮಾನ್ಯರಾಗಲಿ, ತಮ್ಮ ಸುತ್ತಲಿನವರ ಅಭಿಪ್ರಾಯದಿಂದ ಪೂರ್ಣ ಮುಕ್ತರಲ್ಲ ಎಂಬುದೇ ಈ ಎರಡು ಘಟನೆಗಳ ಪಾಠ.

ಅದೇ 1992ರಲ್ಲಿ ಸೆಬಿಗೆ ಶಾಸನಬದ್ಧ ಅಧಿಕಾರ ದೊರೆಯಿತು. 1994ರಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಗಣಕಯಂತ್ರದ ಮೂಲಕ ವಹಿವಾಟು ಮೊದಲಾಯಿತು. 1996ರಿಂದ ಷೇರು ಪತ್ರಗಳ ಬದಲಿಗೆ ಡಿಮ್ಯಾಟ್ ಖಾತೆಗಳು ಬಂದವು. ಯಾವ ಊರಿನಿಂದಲಾದರೂ ಒಂದೇ ಬೆಲೆಗೆ ಕೊಳ್ಳಬಹುದಾದ ಮೇಲೆ ಪ್ರಾದೇಶಿಕ ಕೇಂದ್ರಗಳಿಗೆ ಕೆಲಸವುಳಿಯಲಿಲ್ಲ. ಬೆಂಗಳೂರು ಕೇಂದ್ರವು 2014ರಲ್ಲಿ, ಪುಣೆ ಕೇಂದ್ರವು 2015ರಲ್ಲಿ ಷೇರು ವಿನಿಮಯದಿಂದ ನಿರ್ಗಮಿಸಿದವು. ವ್ಯಕ್ತಿಯ ಮೇಲಿದ್ದ ವಿಶ್ವಾಸವು ನಿಯಮಗಳ ಮೇಲೆ ನೆಲೆಗೊಂಡಿತು. 2022ರಲ್ಲಿ 10 ಕೋಟಿಯನ್ನು ದಾಟಿದ ಡಿಮ್ಯಾಟ್ ಖಾತೆಗಳ ಸಂಖ್ಯೆಯು 2025ರಲ್ಲಿ 20 ಕೋಟಿಯನ್ನು ಮೀರಿತು.

ಆದರೆ ಮಧ್ಯವರ್ತಿ ಮಾಯವಾಗಲಿಲ್ಲ. ಅವನ ಮುಖ ಮಾತ್ರ ಕಾಣದಾಯಿತು. ಇದರ ಅಪಾಯವನ್ನು ಸೆಬಿಯು 2024ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸುತ್ತದೆ. ಅದಕ್ಕೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ, ಷೇರುಗಳ ವಾಯಿದಾ ಮತ್ತು ಆಪ್ಷನ್ ವ್ಯವಹಾರಕ್ಕಿಳಿದ ವ್ಯಕ್ತಿಗಳ ಪೈಕಿ ಶೇಕಡಾ 93ರಷ್ಟು ಮಂದಿ ನಷ್ಟ ಅನುಭವಿಸಿದರು. ಅವರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಅಧಿಕ. ಗ್ರಾಹಕನು ಗೆದ್ದರೂ ಸೋತರೂ ವಹಿವಾಟಿನ ಶುಲ್ಕವಂತೂ ಸಲ್ಲಲೇಬೇಕೆಂಬುದನ್ನು ಇಲ್ಲಿ ನೆನೆಯಬೇಕು.

ಆದ್ದರಿಂದ ಸಲಹೆಯನ್ನು ಕೇಳುವ ಮೊದಲು ಸಲಹೆಗಾರನ ಆದಾಯದ ಮೂಲವನ್ನು ಕೇಳಿರಿ. ದಲ್ಲಾಳಿಗೆ ಕೊಡುಕೊಳ್ಳುವಿಕೆಯಿಂದ ಆದಾಯ. ಮ್ಯೂಚುವಲ್ ಫಂಡ್ ವಿತರಕನಿಗೆ ಫಂಡ್ ಸಂಸ್ಥೆಯಿಂದ ಕಮಿಷನ್. ಸೆಬಿಯ 2013ರ ನಿಯಮಗಳಂತೆ ನೋಂದಾಯಿತನಾದ ಹೂಡಿಕೆ ಸಲಹೆಗಾರನಿಗೆ ಗ್ರಾಹಕನಿಂದಲೇ ಶುಲ್ಕ. ಮೂರೂ ನ್ಯಾಯಸಮ್ಮತ ವೃತ್ತಿಗಳೇ. ಆದರೆ ಯಾರ ಹಿತ ಯಾವ ಕಡೆಗಿದೆಯೆಂಬುದು ಗ್ರಾಹಕನಿಗೆ ತಿಳಿದಿರಬೇಕು.

ನೋಂದಣಿ ಸಂಖ್ಯೆಯನ್ನು ಸೆಬಿಯ ಜಾಲತಾಣದಲ್ಲಿ ತಾಳೆನೋಡಿರಿ. ಷೇರುಗಳಲ್ಲಿ ಖಚಿತ ಲಾಭದ ಭರವಸೆ ನೀಡುವವರಿಂದ ದೂರವಿರಿ. ಅನ್ಯಾಯವಾದರೆ ಸೆಬಿಯ ಸ್ಕೋರ್ಸ್ ವ್ಯವಸ್ಥೆಯಲ್ಲಿ ದೂರು ಸಲ್ಲಿಸಿರಿ. ನಮ್ಮವರು, ನಮ್ಮ ಭಾಷೆಯವರು ಎಂಬ ಸಲುಗೆಯು ಸ್ನೇಹಕ್ಕೆ ಸಾಕು, ಹಣಕಾಸಿಗೆ ಸಾಲದು. ಪರೀಕ್ಷಿಸಿ ಇಟ್ಟ ವಿಶ್ವಾಸವೇ ಹೂಡಿಕೆದಾರನಿಗೂ ಪ್ರಾಮಾಣಿಕ ವೃತ್ತಿನಿರತನಿಗೂ ಸಮಾನ ರಕ್ಷೆ.