ಗೆಡ್ಡೆಯೊಳಗಿನ ಹೂವು
(ಶತಮಾನೋತ್ಸವದ ಸಭೆಯಲ್ಲಿ ಅಧ್ಯಾಪಕ ವೃಂದದ ಪರವಾಗಿ ನೀಡಿದ ಉಪನ್ಯಾಸ)



ಶತಮಾನೋತ್ಸವದ ಸವಿನೆನಪಿಗಾಗಿ ಧ್ವಜಸ್ತಂಭದ ಎಡಬಲಗಳಲ್ಲಿ ಹೂದೋಟವೊಂದನ್ನು ನಿರ್ಮಿಸಬೇಕೆಂದು ಸಮಿತಿಯು ನಿರ್ಣಯಿಸಿದೆ. ಅದರಲ್ಲಿ ಗೆಡ್ಡೆಯಿಂದ ಹುಟ್ಟುವ ಹೂಗಿಡಗಳಿಗೇ ಆದ್ಯತೆಯಿರಲಿ ಎಂದು ಸೂಚಿಸಿದವರು ಅಧ್ಯಾಪಕರಾದ ನಾವು. ನೆಟ್ಟ ಮರುದಿನವೇ ಕಣ್ಣಿಗೆ ಹಬ್ಬವಾಗುವ ಕುಂಡದ ಗಿಡಗಳು ಪೇಟೆಯಲ್ಲಿ ದೊರೆಯುವಾಗ, ವರ್ಷದಲ್ಲಿ ಅರ್ಧಕಾಲ ಕಣ್ಣಿಗೇ ಬೀಳದ ಗೆಡ್ಡೆಗಳೇಕೆ ಎಂಬ ಪ್ರಶ್ನೆ ಸಭೆಯಲ್ಲಿ ಬಂದಿತು. ಪ್ರಶ್ನೆ ಸಹಜವಾದುದು. ಅದಕ್ಕೆ ಉತ್ತರವನ್ನು ಅರಸುವುದೇ ಈ ಉಪನ್ಯಾಸದ ಉದ್ದೇಶ.

ಈಗ ಕಾರ್ತಿಕ ಮಾಸ. ನಮ್ಮಲ್ಲಿ ಮಳೆ ಹಿಂದೆ ಸರಿದು ಗುಡ್ಡದ ಹುಲ್ಲು ಒಣಗತೊಡಗುವ ಈ ದಿನಗಳಲ್ಲಿ, ಚಳಿನಾಡುಗಳ ತೋಟಗಾರರು ಹೂವಿನ ಗೆಡ್ಡೆಗಳನ್ನು ನೆಲಕ್ಕೆ ಸೇರಿಸುತ್ತಿರುತ್ತಾರೆ. ಶ್ರೀನಗರದ ದಾಲ್ ಸರೋವರಕ್ಕೆ ಅಭಿಮುಖವಾಗಿ, ಜಬರ್ವಾನ್ ಬೆಟ್ಟದ ತಪ್ಪಲಿನಲ್ಲಿ 2007ರಲ್ಲಿ ತೆರೆದ ಟ್ಯೂಲಿಪ್ ಉದ್ಯಾನವಿದೆ. ಅಲ್ಲಿ ಅಕ್ಟೋಬರ್–ನವೆಂಬರ್‌ಗಳಲ್ಲಿ 15 ಲಕ್ಷಕ್ಕೂ ಹೆಚ್ಚು ಗೆಡ್ಡೆಗಳನ್ನು ನೆಡುತ್ತಾರೆ. ಹಾಲೆಂಡಿನ ಕ್ಯೂಕೆನ್‌ಹಾಫ್ ಉದ್ಯಾನದಲ್ಲಿ ಪ್ರತಿ ಶರತ್ಕಾಲದಲ್ಲಿ ನೆಡುವ ಗೆಡ್ಡೆಗಳು ಸುಮಾರು 70 ಲಕ್ಷ. ಗೆಡ್ಡೆಯ ಎತ್ತರದ ಮೂರು ಪಟ್ಟು ಆಳಕ್ಕೆ ಗುಳಿ ತೋಡಿ, ಮೊನಚು ತುದಿ ಮೇಲಾಗುವಂತೆ ಇರಿಸಿ, ಮಣ್ಣು ಮುಚ್ಚಿದರೆ ಕೆಲಸ ಮುಗಿಯಿತು. ಅನಂತರ ಹಿಮ ಬೀಳುತ್ತದೆ. ನಾಲ್ಕೈದು ತಿಂಗಳು ಆ ನೆಲದಲ್ಲಿ ನೋಡುವಂಥದೇನೂ ಇರುವುದಿಲ್ಲ. ಮಾರ್ಚ್ ಕೊನೆಗೆ ಹಿಮ ಕರಗಿ ಹೂಗಳು ಬಂದಾಗ ಅವು ನಿಲ್ಲುವುದೂ ಮೂರು ನಾಲ್ಕು ವಾರ ಮಾತ್ರ. ಅಷ್ಟು ದಿನಗಳ ನೋಟಕ್ಕಾಗಿ ಇಷ್ಟು ತಿಂಗಳುಗಳ ಕಾಯುವಿಕೆ!

ಆದರೆ ಆ ತಿಂಗಳುಗಳು ವ್ಯರ್ಥವಾದವುಗಳಲ್ಲ. ನೆಡುವ ಮೊದಲು ಟ್ಯೂಲಿಪ್ ಗೆಡ್ಡೆಯೊಂದನ್ನು ಉದ್ದಕ್ಕೆ ಸೀಳಿ ಭೂತಗನ್ನಡಿಯಿಂದ ನೋಡಿದರೆ, ನಡುವೆ ಎಳೆಯ ಎಲೆಗಳೂ ಅವುಗಳ ಮಧ್ಯೆ ಅತಿ ಸಣ್ಣದಾದ ಮೊಗ್ಗೂ ಕಾಣುತ್ತವೆ. ಹೂವು ಬೇಸಗೆಯಲ್ಲಿಯೇ ರೂಪುಗೊಂಡಿರುತ್ತದೆ. ಹಾಗಾದರೆ ಚಳಿಗಾಲ ಮಾಡುವುದೇನನ್ನು? ಸುಮಾರು 12ರಿಂದ 16 ವಾರಗಳ ಶೀತದಲ್ಲಿ ಗೆಡ್ಡೆಯೊಳಗಿನ ಪಿಷ್ಟ ಸಕ್ಕರೆಯಾಗಿ ಮಾರ್ಪಡುತ್ತದೆ, ಬೇರಿಳಿಯುತ್ತದೆ, ಕಾಂಡಕ್ಕೆ ನೀಳವಾಗಿ ಬೆಳೆಯುವ ಶಕ್ತಿ ಬರುತ್ತದೆ. ಆ ಶೀತ ದೊರೆಯದಿದ್ದರೆ ಹೂವು ಒಳಗೇ ಕಮರುತ್ತದೆ, ಇಲ್ಲವೇ ನೆಲಮಟ್ಟದಲ್ಲಿಯೇ ಕುಗ್ಗಿ ನಿಲ್ಲುತ್ತದೆ. ಒಳಗಿರುವುದನ್ನು ಹೊರತರಲು ತಕ್ಕ ಋತು ಬೇಕು, ಆ ಋತುವನ್ನು ಪೂರ್ತಿಯಾಗಿ ಕಳೆಯಲು ಬಿಡಬೇಕು ಎಂಬುದು ಗೆಡ್ಡೆಯ ನಿಯಮ.

ಬೀಜದಿಂದ ಬೆಳೆಸಿದ ಟ್ಯೂಲಿಪ್ ಮೊದಲ ಹೂ ಬಿಡಲು 5ರಿಂದ 7 ವರ್ಷಗಳೇ ಬೇಕು. ಮಧ್ಯ ಏಷ್ಯದ ಬೆಟ್ಟಗಳಲ್ಲಿ ಹುಟ್ಟಿ, ತುರ್ಕರ ತೋಟಗಳಲ್ಲಿ ಬೆಳೆದ ಈ ಗಿಡವನ್ನು ಕ್ಲೂಸಿಯಸ್ ಎಂಬ ಸಸ್ಯವಿಜ್ಞಾನಿ 1593ರಲ್ಲಿ ಲೈಡನ್ ನಗರದ ವಿಶ್ವವಿದ್ಯಾನಿಲಯದ ತೋಟದಲ್ಲಿ ನೆಟ್ಟ. ಮರುವರ್ಷ ಅದು ಅರಳಿತು. ಅಲ್ಲಿಂದ ನಾಲ್ಕೇ ದಶಕಗಳಲ್ಲಿ ಡಚ್ಚರು ಇನ್ನೂ ಅರಳದ ಗೆಡ್ಡೆಗಳ ಮೇಲೆ ಕಾಗದದಲ್ಲಿಯೇ ವ್ಯಾಪಾರ ಮಾಡಿ ಬೆಲೆಯನ್ನು ಆಕಾಶಕ್ಕೇರಿಸಿದರು. 1637ರ ಫೆಬ್ರವರಿಯಲ್ಲಿ ಆ ಬೆಲೆ ಒಮ್ಮೆಲೇ ಕುಸಿಯಿತು. ಗೆಡ್ಡೆ ತನ್ನ ಕಾಲವನ್ನು ಬದಲಿಸಲಿಲ್ಲ. ಕಾಯಲಾರದವರಷ್ಟೇ ನಷ್ಟಕ್ಕೊಳಗಾದರು.

ಕಾಸರಗೋಡಿನ ಮುರಕಲ್ಲಿನ ನೆಲದಲ್ಲಿ ಟ್ಯೂಲಿಪ್ ಬಾಳದು. ಧನುರ್ಮಾಸದ ಮುಂಜಾವಿನಲ್ಲಿಯೂ ನಮ್ಮಲ್ಲಿ ಉಷ್ಣತೆ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಮ್ಮ ಗೆಡ್ಡೆಗಳ ಪಂಚಾಂಗವೇ ಬೇರೆ. ಅವು ಮಲಗುವುದು ಚಳಿಗಲ್ಲ, ಬಿಸಿಲಿಗೆ. ಏಳುವುದು ಹಿಮ ಕರಗಿದಾಗಲ್ಲ, ಮಳೆ ಬಿದ್ದಾಗ. ಮಕರ, ಕುಂಭ ಮಾಸಗಳಲ್ಲಿ ಎಲೆಯೆಲ್ಲ ಒಣಗಿ ಗುರುತೇ ಇಲ್ಲದಂತಾದ ಜಾಗದಲ್ಲಿ, ಬೇಸಗೆಯ ಮೊದಲ ಮಳೆ ಹನಿದೊಡನೆ, ಒಂದೆಲೆಯೂ ಮೂಡುವ ಮುನ್ನ ನೆಲದಿಂದ ನೇರವಾಗಿ ನೆಲಸಂಪಿಗೆ ಅರಳುತ್ತದೆ. ಅದರ ಹಿಂದೆಯೇ, ಕೆಂಪು ಚೆಂಡಿನಂತಹ ಮೇ ಫ್ಲವರ್ ತಲೆಯೆತ್ತುತ್ತದೆ. ಸುಗಂಧರಾಜಕ್ಕೆ ಜಾಗ ಕೊಟ್ಟರೆ ಸಂಜೆಯ ಹೊತ್ತು ಶಾಲೆಯ ಜಗಲಿಯವರೆಗೂ ಪರಿಮಳ ಬರುತ್ತದೆ. ಗೌರಿ ಹೂವು ಚೆಲುವಾದುದಾದರೂ ಅದರ ಗೆಡ್ಡೆ ಕಡುವಿಷ. ಮಕ್ಕಳು ಓಡಾಡುವ ಅಂಗಳದಲ್ಲಿ ಅದನ್ನು ನೆಡಲಾಗದು. ಇವುಗಳಲ್ಲಿ ಮೇ ಫ್ಲವರ್ ಆಫ್ರಿಕಾದಿಂದಲೂ ಸುಗಂಧರಾಜ ಮೆಕ್ಸಿಕೋದಿಂದಲೂ ಬಂದವು. ನಮ್ಮ ಮಳೆಯನ್ನು ಕಲಿತುಕೊಂಡು ಅವು ನಮ್ಮವೇ ಆದವು.

ಈ ಮಾತನ್ನು ಹೇಳಲು ಕಾರಣವಿದೆ. ನಮ್ಮ ತರಗತಿಗಳಲ್ಲಿ ಕುಳಿತಿರುವ ಮಕ್ಕಳ ಮನೆಮಾತು ತುಳು, ಮಲೆಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಹವ್ಯಕ ಕನ್ನಡ ಎಂದು ಹಲವು ಬಗೆ. ಶಾಲೆಯ ಕನ್ನಡವನ್ನು ಇವರಲ್ಲಿ ಅನೇಕರು ಕಲಿತುದು ಇದೇ ಅಂಗಳದಲ್ಲಿ. ನೂರು ವರ್ಷಗಳಿಂದ ಈ ಶಾಲೆ ಮಾಡಿದ ಕೆಲಸವೆಂದರೆ ಹಲವು ಮನೆಮಾತಿನವರಿಗೆ ಒಂದು ಓದಿನ ಭಾಷೆಯನ್ನು ಕೊಟ್ಟಿರುವುದು.

ಶಾಲೆ ಹುಟ್ಟಿದಾಗ ಈ ಊರು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ದಿನದ ನೋವನ್ನು ಹಿರಿಯರು ಬಲ್ಲರು. ಅದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಆದರೆ ಅದೇ ವರ್ಷದ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350ಎ ವಿಧಿಯೂ ಸೇರಿತೆಂಬುದನ್ನು ಮರೆಯಬಾರದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಗಡಿಯನ್ನು ಎಳೆದ ವರ್ಷವೇ ಗಡಿಯಾಚೆ ಉಳಿದವರ ಮಕ್ಕಳಿಗಾಗಿ ಒಂದು ಗೆಡ್ಡೆಯನ್ನೂ ನೆಡಲಾಯಿತು. ಅದಕ್ಕೆ ನೀರೆರೆಯುವ ಹೊಣೆ ಸರಕಾರದ್ದು ಮಾತ್ರವಲ್ಲ.

ರಕ್ಷಕ ಬಂಧುಗಳೇ, ನಿಮ್ಮೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಬೇಕಾಗಿದೆ. ಒಂದನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಹೆಸರುಗಳು ಹಿಂದಿನಷ್ಟಿಲ್ಲ. ಮಕ್ಕಳ ಸಂಖ್ಯೆ ತೀರ ತಗ್ಗಿದ ಶಾಲೆಗಳನ್ನು ಕೇರಳದಲ್ಲಿ ‘ಅನ್‌ಇಕನಾಮಿಕ್’ ಎಂದು ಗುರುತಿಸುವ ಪದ್ಧತಿಯಿದೆ. ಮಕ್ಕಳು ಕಡಿಮೆಯಾದರೆ ಅಧ್ಯಾಪಕರ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಇದ್ದ ಮಕ್ಕಳೂ ಹೋಗುತ್ತಾರೆ. ಮಗು ಬೇಗ ಇಂಗ್ಲಿಷ್ ಮಾತನಾಡಲಿ ಎಂಬ ನಿಮ್ಮ ಆತುರದಲ್ಲಿ ಪ್ರೀತಿಯೇ ಇದೆ; ಅದನ್ನು ನಾವು ಹಳಿಯುವುದಿಲ್ಲ. ಇಂಗ್ಲಿಷನ್ನು ನಾವೂ ಕಲಿಸುತ್ತೇವೆ, ಚೆನ್ನಾಗಿ ಕಲಿಸಬೇಕೆಂಬ ಒತ್ತಾಯವನ್ನು ನೀವು ನಮ್ಮ ಮೇಲೆ ಹೇರುವುದು ನ್ಯಾಯ. ನಾವು ಬೇಡುವುದು ಇಷ್ಟೇ: ಒಂದರಿಂದ ಏಳನೆಯ ತರಗತಿಯವರೆಗಿನ ಏಳು ವರ್ಷಗಳನ್ನು, ಟ್ಯೂಲಿಪ್ ಬೀಜಕ್ಕೆ ತೋಟಗಾರನು ಕೊಡುವಷ್ಟೇ ಕಾಲವನ್ನು, ಮಗುವಿಗೆ ಪೂರ್ತಿಯಾಗಿ ಕೊಡಿ. ಮೊದಲ ವರ್ಷದ ಕೊನೆಗೇ ಮಣ್ಣನ್ನು ಕೆದಕಿ ಮೊಳಕೆ ಬಂತೇ ಎಂದು ನೋಡಿದರೆ ಬೇರು ಮುರಿಯುತ್ತದೆ.

ಇನ್ನೊಂದು ಸಂಗತಿಯಿದೆ. ಟ್ಯೂಲಿಪ್‌ನ ತಾಯಿಗೆಡ್ಡೆ ಹೂವನ್ನು ಕೊಟ್ಟ ವರ್ಷವೇ ಕರಗಿಹೋಗುತ್ತದೆ. ಮುಂದಿನ ವರ್ಷ ಹೂ ಬಿಡುವುದು ಅದರ ಒಡಲಲ್ಲಿ ಬೆಳೆದ ಮರಿಗೆಡ್ಡೆ. ನೂರು ವರ್ಷಗಳ ಹಿಂದೆ ಇಲ್ಲಿ ಮುಳಿಹುಲ್ಲಿನ ಮಾಡಿನ ಕೆಳಗೆ ಅಕ್ಷರ ಕಲಿಸಿದ ಗುರುಗಳು ಇಂದಿಲ್ಲ. ಅವರು ತಮ್ಮನ್ನು ತೇಯ್ದುಕೊಂಡು ಬಿಟ್ಟುಹೋದ ಮರಿಗೆಡ್ಡೆಗಳು ಈ ಸಭೆಯ ತುಂಬ ಕುಳಿತಿವೆ. ಶಾಲೆ ಉಳಿದುದು ಕಟ್ಟಡದಿಂದಲ್ಲ, ಈ ಕ್ರಮದಿಂದ. ಎಲ್ಲಾದರೂ ಒಂದು ತಲೆಮಾರು ಮರಿಗೆಡ್ಡೆಯನ್ನು ಬಿಡದೆ ಹೋದರೆ ಮರುವರ್ಷ ನೆಲ ಬರಿದು.

ಆದುದರಿಂದ ನಮ್ಮ ಯೋಜನೆ ಹೀಗಿದೆ. ಮುಂಬರುವ ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಯ ವಾರದಲ್ಲಿ, ಅರಸಿನ, ಶುಂಠಿ, ಕೆಸುಗಳಿಗಾಗಿ ನೀವು ಮನೆಯ ಹಿತ್ತಿಲಿನ ಮಣ್ಣು ಸಡಿಲಿಸುವಾಗ, ಅಂಗಳದ ಮೂಲೆಯಿಂದ ಒಂದೊಂದು ಹೂವಿನ ಗೆಡ್ಡೆಯನ್ನು ಶಾಲೆಗಾಗಿ ತೆಗೆದಿಡಿ. ಹಳೆ ವಿದ್ಯಾರ್ಥಿಗಳು ಮುರಕಲ್ಲಿನ ಕಟ್ಟೆ ಕಟ್ಟಿ, ಮಣ್ಣಿಗೆ ಮರಳು, ಹಟ್ಟಿಗೊಬ್ಬರ ಬೆರೆಸಿಕೊಡುವರು; ನೀರು ನಿಂತರೆ ಗೆಡ್ಡೆ ಕೊಳೆಯುವುದರಿಂದ ನೀರು ಹರಿದುಹೋಗಲು ಕಣಿ ತೋಡಿಸುವರು. ಜೂನ್ ತಿಂಗಳ ಪ್ರವೇಶೋತ್ಸವದಂದು ಒಂದನೆಯ ತರಗತಿಗೆ ಸೇರುವ ಪ್ರತಿಯೊಂದು ಮಗುವೂ ತನ್ನ ಕೈಯಿಂದ ಒಂದು ಗೆಡ್ಡೆಯನ್ನು ನೆಡಲಿ. ಏಳನೆಯ ತರಗತಿ ಮುಗಿಸಿ ಹೊರಡುವಾಗ ಅದರ ಮರಿಗೆಡ್ಡೆಯೊಂದನ್ನು ಮನೆಗೊಯ್ಯಲಿ, ಒಂದನ್ನು ಇಲ್ಲಿಯೇ ಬಿಡಲಿ. ನೆಟ್ಟವರ ಹೆಸರನ್ನೂ ಹೂ ಬಂದ ದಿನವನ್ನೂ ಬರೆದಿಡುವ ಪುಸ್ತಕವನ್ನು ನಾವು ಇರಿಸುತ್ತೇವೆ.

ಅಂದು ತೋಡಬೇಕಾದ ಗುಳಿಗಳ ಸಂಖ್ಯೆಯನ್ನು ನಿಶ್ಚಯಿಸುವವರು ನೀವು. ಗೆಡ್ಡೆಗಳು ನಮಗೆ ಎಲ್ಲಿಯೂ ದೊರೆಯುತ್ತವೆ. ಅವುಗಳನ್ನು ನೆಡುವ ಪುಟ್ಟ ಕೈಗಳು ನಿಮ್ಮ ಮನೆಗಳಿಂದಲೇ ಬರಬೇಕು. ಆ ಕೈಗಳನ್ನು ಹಿಡಿದು ನಡೆಸಿಕೊಂಡು ಬನ್ನಿರೆಂದು ಕೈಮುಗಿದು ಪ್ರಾರ್ಥಿಸುತ್ತೇವೆ.