ತಾಳಿಕೊಂಡವರು ಯಾರು?

(ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಕೊರೋನಾ ಕಾಲದ ಮಾತು ಬಂದಾಗಲೆಲ್ಲ ದೇಶದ ಸ್ಥೈರ್ಯವನ್ನು ಹೊಗಳುವುದು ವಾಡಿಕೆಯಾಗಿದೆ. ಕೇಳಲು ಇಂಪಾದ ಮಾತೇ. ಆದರೆ ಮಗ್ಗದ ಮುಂದೆ ನಿಲ್ಲುವ, ತಕ್ಕಡಿ ಹಿಡಿಯುವ ನಾವು ಲೆಕ್ಕ ನೋಡದೆ ಯಾವ ಮಾತನ್ನೂ ಒಪ್ಪುವವರಲ್ಲ. ಆ ಸ್ಥೈರ್ಯ ಯಾರದು? ಅದಕ್ಕೆ ಬೆಲೆ ತೆತ್ತವರು ಯಾರು?

2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿಗಳು ಲಾಕ್‌ಡೌನ್ ಸಾರಿದರು. ನಡುರಾತ್ರಿಯಿಂದಲೇ ಅದು ಜಾರಿಗೆ ಬಂತು. ರೈಲು ಮೊದಲೇ ನಿಂತಿತ್ತು, ಈಗ ಕೂಲಿಯೂ ನಿಂತಿತು. ಹಸಿವು ಮಾತ್ರ ನಿಲ್ಲಲಿಲ್ಲ. ಲಕ್ಷಾಂತರ ಜನ ಊರಿನ ದಾರಿ ಹಿಡಿದು ನಡೆದರು. ಮೇ 8ರಂದು ಔರಂಗಾಬಾದಿನ ಬಳಿ ಹಳಿಯ ಮೇಲೆ ಮಲಗಿದ್ದ 16 ಮಂದಿ ಕೂಲಿಗಳು ಗೂಡ್ಸ್ ಗಾಡಿಗೆ ಸಿಕ್ಕಿ ಸತ್ತರು. ಹೀಗೆ ಊರಿಗೆ ಹೊರಟು ಸತ್ತವರೆಷ್ಟು ಎಂದು ಸೆಪ್ಟೆಂಬರಿನಲ್ಲಿ ಪಾರ್ಲಿಮೆಂಟಿನಲ್ಲಿ ಕೇಳಿದರೆ, ಲೆಕ್ಕವಿಟ್ಟಿಲ್ಲವೆಂಬ ಉತ್ತರ ಬಂತು.

ನಮ್ಮ ರಾಜ್ಯದ ಕಥೆಯೇನು? ಆ ಮೇ ಮೊದಲ ವಾರ ಕಟ್ಟಡ ಉದ್ಯಮಿಗಳೊಡನೆ ಮಾತುಕತೆಯಾದ ಬೆನ್ನಿಗೇ ಕೂಲಿಗಾರರ ರೈಲುಗಳನ್ನು ರದ್ದು ಮಾಡಿದರು. ಜನ ಕೂಗೆಬ್ಬಿಸಿದ ಮೇಲೆ ಮತ್ತೆ ಬಿಟ್ಟರು. ಮೇ 22ರಂದು ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಿಕೊಳ್ಳಲು ಅಪ್ಪಣೆಯಾಯಿತು; ಹೈಕೋರ್ಟಿನಲ್ಲಿ ಪ್ರಶ್ನೆಯೆದ್ದ ಮೇಲೆ ಜೂನಿನಲ್ಲಿ ಅದನ್ನು ಹಿಂತೆಗೆದುಕೊಂಡರು. ವ್ಯಾಪಾರಿಗಳ ಸಾಲದ ಕಂತನ್ನು ಮುಂದೂಡಿದರು. ಬಡ್ಡಿ ಮಾತ್ರ ಬೆಳೆಯುತ್ತಲೇ ಇತ್ತು. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಒಂದು ದಿನದೊಳಗೆ 24 ರೋಗಿಗಳು ಸತ್ತ ಸುದ್ದಿ ಬಂತು.

ಸ್ಥೈರ್ಯವೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ದಾದಿಯರಲ್ಲಿತ್ತು, ಪೌರಕಾರ್ಮಿಕರಲ್ಲಿತ್ತು, ನಡೆದು ಬಂದವರಿಗೆ ಗಂಜಿ ಹಾಕಿದವರಲ್ಲಿತ್ತು. ಕೋಟ್ಯಂತರ ಜನರಿಗೆ ಲಸಿಕೆ ತಲುಪಿದ್ದೂ ನಿಜ. ಆದರೆ ಮನೆಮನೆ ಸುತ್ತಿ ರೋಗಿಗಳನ್ನು ಗುರುತಿಸಿದ ಆಶಾ ಕಾರ್ಯಕರ್ತೆಯರು 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಬೇಕಾಯಿತು. ಹೊಗಳಿಕೆ ಧಾರಾಳ, ಸಂಬಳ ಬಿಗಿ!

ತಾಳಿಕೊಳ್ಳುವುದು ಬೇರೆ, ತಡೆದು ನಿಲ್ಲುವುದು ಬೇರೆ. ಬೇರೆ ದಾರಿಯಿಲ್ಲದವನು ತಾಳಿಕೊಳ್ಳುತ್ತಾನೆ. ತಡೆದು ನಿಲ್ಲಲು ಆಸ್ಪತ್ರೆ ಬೇಕು, ಪಡಿತರ ಬೇಕು, ಕೆಲಸ ನಿಂತಾಗಲೂ ಕೈಸೇರುವ ಕೂಲಿ ಬೇಕು. ಇವೆಲ್ಲ ರೋಗ ಬರುವ ಮೊದಲೇ ಇರಬೇಕು. ಹಳ್ಳಿಹಳ್ಳಿಗೂ ಆರೋಗ್ಯ ಕೇಂದ್ರದ ಸೇವೆ ಮುಟ್ಟಬೇಕೆಂದು ಭೋರ್ ಸಮಿತಿ ಹೇಳಿದ್ದು 1946ರಲ್ಲಿ. ರಾಷ್ಟ್ರದ ಉತ್ಪನ್ನದಲ್ಲಿ ನೂರಕ್ಕೆ ಎರಡೂವರೆ ಪಾಲನ್ನು ಸರ್ಕಾರಗಳು 2025ರೊಳಗೆ ಆರೋಗ್ಯಕ್ಕೆ ಖರ್ಚು ಮಾಡಬೇಕೆಂದು ಗೊತ್ತು ಮಾಡಿದ್ದು 2017ರ ನೀತಿ. ಗುರಿ ಮುಟ್ಟದೆಯೇ ಗಡುವು ಕಳೆಯಿತು.

ಆದ್ದರಿಂದ ಬಂಧುಗಳೇ, ಇನ್ನು ಮುಂದೆ ಮತ ಕೇಳಲು ಬಂದವರು ದೇಶದ ಸ್ಥೈರ್ಯವನ್ನು ಕೊಂಡಾಡಿದರೆ ನಾವು ಮೂರು ಪ್ರಶ್ನೆ ಕೇಳೋಣ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರೆಷ್ಟು? ಆಮ್ಲಜನಕ ಎಷ್ಟು ದಿನಕ್ಕಿದೆ? ಗಿರಣಿ ಮುಚ್ಚಿದರೆ, ಅಂಗಡಿಯ ಬಾಗಿಲು ಹಾಕಿದರೆ ನಮ್ಮ ಮನೆಯ ಒಲೆ ಉರಿಸುವವರು ಯಾರು? ಉತ್ತರ ಸಿಗುವವರೆಗೆ ಚಪ್ಪಾಳೆ ತಟ್ಟುವುದು ಬೇಡ.