ಕೊಂಡದ್ದು ಎಂಜಿನ್, ಕಲಿತದ್ದು ವಿದ್ಯೆ



2022ರಲ್ಲಿ ಅಮೆರಿಕ ತನ್ನ ಭದ್ರತೆಯ ಕಾರಣ ಹೇಳಿ ಚೀನಾಕ್ಕೆ ಅತ್ಯಾಧುನಿಕ ಚಿಪ್‌ಗಳ ಮಾರಾಟವನ್ನು ನಿರ್ಬಂಧಿಸಿತು. ನಮಗೂ ಇಂಥ ಅನುಭವವಿದೆ. ಉಡುಪಿ ಅದಮಾರಿನ ಪ್ರೊ. ಯು. ಆರ್. ರಾವ್ ಇಸ್ರೋ ಅಧ್ಯಕ್ಷರಾಗಿದ್ದಾಗ ರಷ್ಯಾದ ಕ್ರಯೋಜೆನಿಕ್ ಎಂಜಿನ್ ತಂತ್ರಜ್ಞಾನಕ್ಕೆ ಒಪ್ಪಂದವಾಗಿತ್ತು. ಅದು ಕ್ಷಿಪಣಿಗೆ ಬಳಕೆಯಾದೀತೆಂದು 1992ರಲ್ಲಿ ಅಮೆರಿಕ ಇಸ್ರೋ ಮೇಲೆ ನಿರ್ಬಂಧ ಹೇರಿತು. ಕೊನೆಗೆ ರಷ್ಯಾ ಎಂಜಿನ್ ಕೊಟ್ಟಿತು, ವಿದ್ಯೆ ಕೊಡಲಿಲ್ಲ. ನಮ್ಮವರೇ ಕಲಿತು ಕಟ್ಟಿದರು. 2010ರಲ್ಲಿ ಸೋತು, 2014ರ ಜನವರಿ 5ರಂದು ಗೆದ್ದರು.

ಎಂಟೆಕ್ ಓದಿದ ನಾನು ಇಂದಿಗೂ ಹೊರಗಿನವರ ಚಿಪ್ ನಂಬಿ ದುಡಿಯುವವಳು. ಆ ಕೊರಗು ನನಗಿದೆ. ಸ್ನೇಹ ಎಲ್ಲರೊಡನೆ ಇರಲಿ. ಆದರೆ ನಮ್ಮ ಹೆಣ್ಣುಮಕ್ಕಳು ಬಳಸುವುದನ್ನಷ್ಟೇ ಅಲ್ಲ, ತಯಾರಿಸುವುದನ್ನೂ ಕಲಿಯಲಿ. ಅವರನ್ನು ಅತ್ತ ಕಳಿಸುವ ಧೈರ್ಯ ನಾವು ಮಾಡೋಣ.